ಅಪ್‌ಡೇಟ್: ಮೈಲ್ಸ್ ಕಾರ್ಡ್ ಬೇಡ ಅಂತ ತೀರ್ಮಾನಿಸಿದೆ

ಮಡಿಕೇರಿಯಲ್ಲಿರುವ ನನಗೆ ವಿಮಾನದ ಮೈಲ್ಸ್ (ಖರ್ಚು ಮಾಡಿದಾಗ ಸಿಗುವ, ವಿಮಾನದ ಟಿಕೆಟ್‌ಗೆ ಬಳಸುವ ಪಾಯಿಂಟ್) ಕೊಡುವ ಕ್ರೆಡಿಟ್ ಕಾರ್ಡ್ ಸರಿಹೋಗುತ್ತಾ ಅಂತ ಹೋದ ತಿಂಗಳು ಇಲ್ಲಿ ಕೇಳಿದ್ದೆ. ಮೊದಲು ಒಂದು ವರ್ಷದ ಓಡಾಟ ಬರೆದು ನೋಡಿ ಅಂದಿರಿ. ತೋಟದ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದೆ. ವಿಮಾನ ಹತ್ತಿದ್ದು ಎರಡೇ ಸಲ, ಕಣ್ಣೂರಿನಿಂದ. ಉಳಿದಿದ್ದೆಲ್ಲ ಜೀಪಿನ ಡೀಸೆಲ್! ನಮ್ಮ ಜಿಲ್ಲೆಗೆ ರೈಲೂ ಇಲ್ಲ, ಅಲ್ವಾ? ಮೈಸೂರಿಗೂ ರಸ್ತೆಯೇ ಗತಿ.

ಹಾಗಾಗಿ ಡೀಸೆಲ್‌ಗೂ ಪಾಯಿಂಟ್ ಸಿಗುವ, ಪೆಟ್ರೋಲ್ ಕಂಪನಿ ಜೊತೆ ಸೇರಿ ಬ್ಯಾಂಕ್ ಕೊಡುವ ಕಾರ್ಡ್ ತಗೊಂಡೆ. ನನ್ನ ಹಳೇ ಕಾರ್ಡ್ ಡೀಸೆಲ್‌ಗೆ ಪಾಯಿಂಟ್ ಕೊಡುತ್ತಲೇ ಇರಲಿಲ್ಲ, ಬಂಕ್‌ನಲ್ಲಿ ಕಾರ್ಡ್ ಬಳಸಿದ್ದಕ್ಕೆ ಬೀಳುವ 1% ಹೆಚ್ಚುವರಿ ಶುಲ್ಕ (ಸರ್‌ಚಾರ್ಜ್) ಮಾತ್ರ ಮನ್ನಾ ಮಾಡುತ್ತಿತ್ತು. ಅದನ್ನೇ ಲಾಭ ಅಂದುಕೊಂಡಿದ್ದೆ. ಬಿಲ್ ಮಾತ್ರ ಪ್ರತಿ ತಿಂಗಳೂ ಪೂರ್ತಿ ಕಟ್ಟುತ್ತೇನೆ. ಬಾಕಿ ಉಳಿಸಿದರೆ ಬಡ್ಡಿಯ ಮುಂದೆ ಪಾಯಿಂಟ್ ಯಾವ ಲೆಕ್ಕ? ಬರೆದು ನೋಡಿ ಅಂದ ಅಕ್ಕನಿಗೆ ತುಂಬಾ ಥ್ಯಾಂಕ್ಸ್.