‘ಪರವಾನಗಿ’ಯೋ ‘ಪ್ರಮಾಣಪತ್ರ’ವೋ? ಬೀದಿಬದಿ ವ್ಯಾಪಾರಿಯ ಕಾರ್ಡಿಗೆ ಹೆಸರು ಯಾವುದು?

ಎಲ್ಲರಿಗೂ ನಮಸ್ಕಾರ.

ಬೀದಿಬದಿ ವ್ಯಾಪಾರಿಗಳಿಗೆ ಸಂಬಂಧಿಸಿದ ಹೊಸ ನೀತಿಗೆ ನಮ್ಮ ಪುರಸಭೆ ಸಾಮಾನ್ಯ ಸಭೆಯಲ್ಲಿ ಒಪ್ಪಿಗೆ ಕೊಟ್ಟಿದೆ. ಬಸ್ ನಿಲ್ದಾಣದ ಬಳಿ ಹೂ ಮಾರುವ ಅಜ್ಜಿಗೆ ಅದರ ಪ್ರಕಟಣೆಯನ್ನು ಓದಿ ಹೇಳುತ್ತಿದ್ದೆ. ತಲೆಬರಹದಲ್ಲಿ ‘ಪರವಾನಗಿ ನೀತಿ’ ಎಂದಿತ್ತು, ನಡುವೆ ‘ಅನುಮತಿ ಪತ್ರ’ ಬಂತು, ಕೊನೆಗೆ ‘ಮಾರಾಟ ಪ್ರಮಾಣಪತ್ರ’ ಬಂತು. ಅಜ್ಜಿ ಬುಟ್ಟಿಯ ಒದ್ದೆ ಬಟ್ಟೆ ಸರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಕಾರ್ಡನ್ನು ತೆಗೆದು, “ಇದು ಅದರಲ್ಲಿ ಯಾವುದಪ್ಪ? ಇನ್ನೂ ಎರಡು ಮಾಡಿಸಬೇಕೇ?” ಎಂದು ಕೇಳಿದರು. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ.

ಮೂರೂ ಒಂದೇ ಎಂದುಬಿಡಬಹುದು. ಆದರೆ ಒಂದೇ ಅಲ್ಲ ಎಂಬುದು ನನ್ನ ಅನಿಸಿಕೆ.

‘ಪರವಾನಗಿ’ ಪಾರಸಿಯ ‘ಪರವಾನಾ’ದಿಂದ ಹುಟ್ಟಿ ಮರಾಠಿಯ ಮೂಲಕ ನಮಗೆ ಬಂದ ಪದ. ಮರಾಠಿಯಲ್ಲಿ ‘ಪರವಾನಾ’ ಎಂದರೆ ಕಾಗದ, ‘ಪರವಾನಗೀ’ ಎಂದರೆ ಅಪ್ಪಣೆ. ನಾವು ಎರಡನೆಯದನ್ನು ಮಾತ್ರ ತಂದುಕೊಂಡು ಎರಡು ಕೆಲಸಕ್ಕೂ ಹಚ್ಚಿದ್ದೇವೆ. ‘ಪರವಾನಗಿ ಇಲ್ಲದೆ ಒಳಗೆ ಬರಬಾರದು’ ಎಂಬಲ್ಲಿ ಅದು ಅಪ್ಪಣೆ. ‘ಪರವಾನಗಿ ನವೀಕರಿಸಿ’ ಎಂಬಲ್ಲಿ ಕಾಗದ. ಹಲವರು ಬರೆಯುವ ‘ಪರವಾನಿಗೆ’ ಎಂಬ ರೂಪ ಬರವಣಿಗೆ, ಮೆರವಣಿಗೆಗಳ ಸಹವಾಸದಲ್ಲಿ ಹುಟ್ಟಿರಬೇಕು. ಪರದೇಶದ ಪದಕ್ಕೆ ನಮ್ಮ ಜನ ತೊಡಿಸಿದ ಕನ್ನಡದ ಉಡುಪು ಅದು. ಅದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ.

ಕಚೇರಿಗಳಲ್ಲಿ ಇದರ ಸೋದರರು ಬೇಕಾದಷ್ಟಿದ್ದಾರೆ. ಅಬಕಾರಿಯವರಿಗೆ ‘ಸನ್ನದು’, ಸಾರಿಗೆಯವರಿಗೆ ವಾಹನ ಓಡಿಸಲು ‘ಅನುಜ್ಞಾಪತ್ರ’, ಬಸ್ಸಿನ ಮಾರ್ಗಕ್ಕೆ ‘ರಹದಾರಿ’. ಅಂಗಡಿಗೆ, ಹಿಟ್ಟಿನ ಗಿರಣಿಗೆ ‘ಉದ್ದಿಮೆ ಪರವಾನಗಿ’. 1964ರ ಪುರಸಭೆಗಳ ಕಾಯ್ದೆ ಇರಲಿ, 1976ರ ಮಹಾನಗರಪಾಲಿಕೆಗಳ ಕಾಯ್ದೆ ಇರಲಿ, ಇಲ್ಲಿನ ತರ್ಕ ಒಂದೇ: ಕೆಲವು ಉದ್ದಿಮೆಗಳನ್ನು ಅಪ್ಪಣೆ ಇಲ್ಲದೆ ನಡೆಸುವಂತಿಲ್ಲ. ಅಲ್ಲಿ ಆ ಪದ ಸರಿಯಾಗಿ ಕೂರುತ್ತದೆ.

ಹೂವಿನ ಅಜ್ಜಿಯ ಕಾರ್ಡಿನ ಕಥೆ ಬೇರೆ. ಅದರ ಬೇರು 2014ರ ಬೀದಿಬದಿ ವ್ಯಾಪಾರಿಗಳ ಕೇಂದ್ರ ಕಾಯ್ದೆಯಲ್ಲಿದೆ. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಮಾಡಿ, ಈಗಾಗಲೇ ಬೀದಿಯಲ್ಲಿ ಕುಳಿತು ಬದುಕು ಕಟ್ಟಿಕೊಂಡವರನ್ನು ಗುರುತಿಸಬೇಕು. ಗುರುತಿಸಿದವರಿಗೆ, ಷರತ್ತುಗಳಿಗೆ ಒಳಪಟ್ಟು, ‘ಸರ್ಟಿಫಿಕೇಟ್ ಆಫ್ ವೆಂಡಿಂಗ್’ ಕೊಡಬೇಕು. ಸಮೀಕ್ಷೆ ಮುಗಿದು ಎಲ್ಲರಿಗೂ ಅದನ್ನು ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಕಾಯ್ದೆಗೆ ಮುಂಚೆ ಕೊಟ್ಟಿದ್ದ ಪತ್ರಗಳ ಬಗ್ಗೆ, ಅವುಗಳನ್ನು ಲೈಸೆನ್ಸ್ ಎಂದು ಕರೆದಿದ್ದರೂ, ಬೇರೆ ಬಗೆಯ ಅನುಮತಿ ಎಂದು ಕರೆದಿದ್ದರೂ ಅವಧಿ ಮುಗಿಯುವವರೆಗೆ ಮಾನ್ಯ ಎಂಬರ್ಥದ ಮಾತೂ ಅಲ್ಲಿದೆ. ಅಂದರೆ ಹಳೆಯದಕ್ಕೆ ಹೆಸರು ಯಾವುದಿದ್ದರೂ ಸರಿ, ಇನ್ನು ಮುಂದಿನದು ಪ್ರಮಾಣಪತ್ರ ಎಂದು ಕಾಯ್ದೆ ಬರೆದವರು ತಿಳಿದೇ ಆರಿಸಿದ್ದಾರೆ.

ನನಗೆ ಇದು ಬರೀ ಪದದ ಜಗಳವಾಗಿ ಕಾಣುವುದಿಲ್ಲ. ‘ಪರವಾನಗಿ’ ಎಂದರೆ ‘ನಾವು ಬಿಟ್ಟರೆ ನೀನು ಕೂರಬಹುದು’. ‘ಪ್ರಮಾಣಪತ್ರ’ ಎಂದರೆ ‘ನೀನು ಇಲ್ಲಿ ಕೂತಿದ್ದೀಯೆ, ನಾವು ಕಂಡಿದ್ದೇವೆ’. ಮೊದಲನೆಯದನ್ನು ಮತ್ತೊಮ್ಮೆ ಓದಿದಾಗ ಅಜ್ಜಿ ಕಾರ್ಡನ್ನು ಚೀಲಕ್ಕೆ ಹಿಂದಿರುಗಿಸಿ ಬುಟ್ಟಿಯನ್ನು ಒಂದಿಷ್ಟು ಗೋಡೆಯ ಕಡೆಗೆ ಎಳೆದುಕೊಂಡರು. ಅದನ್ನು ನೋಡಿ ನನಗೆ ಬಹಳ ಸಂಕಟವಾಯಿತು.

ಹಾಗೆಂದು ‘ಮಾರಾಟ ಪ್ರಮಾಣಪತ್ರ’ವೂ ಒಪ್ಪಿಗೆಯಾಗುತ್ತಿಲ್ಲ. ಹರಾಜಿನಲ್ಲಿ ಯಾರದೋ ಆಸ್ತಿ ಮಾರಿಹೋದ ಹಾಗೆ ಕೇಳಿಸುತ್ತದೆ. ‘ವ್ಯಾಪಾರ ಪ್ರಮಾಣಪತ್ರ’ ಎಂದರೆ ಅಂಗಡಿಯವರದಕ್ಕೂ ಇದಕ್ಕೂ ಗೊಂದಲ. ಸದ್ಯಕ್ಕೆ ನನಗೆ ತೋಚಿದ್ದು ‘ಬೀದಿ ವ್ಯಾಪಾರದ ಗುರುತುಪತ್ರ’; ಉದ್ದವಾಯಿತು, ಗುರುತಿನ ಚೀಟಿಯೊಂದಿಗೆ ಬೆರೆತುಹೋಗುವ ಭಯವೂ ಇದೆ.

ನಿಮ್ಮ ಊರಿನ ಪುರಸಭೆ, ಪಾಲಿಕೆಗಳು ಈ ಕಾರ್ಡಿನ ಮೇಲೆ ಏನೆಂದು ಅಚ್ಚು ಹಾಕಿಸಿವೆ? ವ್ಯಾಪಾರಿಗಳು ತಮ್ಮತಮ್ಮಲ್ಲಿ ಅದನ್ನು ಏನೆಂದು ಕರೆಯುತ್ತಾರೆ? ಎರಡನೆಯ ಪ್ರಶ್ನೆಗೆ ಉತ್ತರ ಬಲ್ಲವರು ದಯವಿಟ್ಟು ತಪ್ಪದೆ ಬರೆಯಿರಿ. ಅಜ್ಜಿಗೆ ಹೇಳಬೇಕಾದ ಪದ ಅಲ್ಲೇ ಸಿಗಬಹುದು ಎಂದು ಕಾಯುತ್ತಿದ್ದೇನೆ.