ಸಹಾಯ ಬೇಕು: ವೈರಸ್ ಹಾಕದ ವೆಲ್‌ನಲ್ಲೂ ವೀರೋ ಕೋಶಗಳು ಎದ್ದು ಬರುತ್ತಿವೆ

ಹರ್ಪಿಸ್ ವೈರಸ್ ಎಣಿಸಲು ವೀರೋ ಕೋಶಗಳಲ್ಲಿ ಪ್ಲಾಕ್ ಅಸ್ಸೇ (ವೈರಸ್ ಕೋಶಗಳನ್ನು ಕೊಂದಲ್ಲಿ ಉಳಿಯುವ ಖಾಲಿ ಚುಕ್ಕೆಗಳನ್ನು ಎಣಿಸುವ ಪರೀಕ್ಷೆ) ಮಾಡುತ್ತಿದ್ದೇನೆ. 1962ರಲ್ಲಿ ಜಪಾನಿನಲ್ಲಿ ಆಫ್ರಿಕಾದ ಹಸಿರು ಕೋತಿಯ ಕಿಡ್ನಿಯಿಂದ ಬೆಳೆಸಿದ ಕೋಶಗಳಿವು. ಗಟ್ಟಿ ಜೀವ ಅಂತಾರೆ, ನನ್ನ ಕೈಯಲ್ಲಿ ಮಾತ್ರ ಹಠ!

37 ಡಿಗ್ರಿ, 5% ಕಾರ್ಬನ್ ಡೈಆಕ್ಸೈಡ್. ಮೊದಲ ದಿನ ಪ್ಲೇಟಿನ ವೆಲ್‌ಗಳ (ಸಣ್ಣ ಗುಳಿಗಳ) ತುಂಬ ಕೋಶಗಳು ಚೆನ್ನಾಗಿ ಹರಡಿರುತ್ತವೆ. ಮೂರನೇ ದಿನ ಕ್ರಿಸ್ಟಲ್ ವಯೊಲೆಟ್ ಬಣ್ಣ ಹಾಕಿ ತೊಳೆದರೆ, ಅಂಚಿನಿಂದ ಒಣ ಬಾಳೆಎಲೆಯ ಹಾಗೆ ಸುರುಳಿ ಸುತ್ತಿ ಏಳುತ್ತವೆ. ವೈರಸ್ ಹಾಕದ ಕಂಟ್ರೋಲ್ ವೆಲ್‌ನಲ್ಲೂ ಇದೇ ಕಥೆ. ಅಂದರೆ ತಪ್ಪು ವೈರಸ್ಸಿನದ್ದಲ್ಲ, ಅಲ್ವಾ?

ತೊಳೆಯುವ ಮೊದಲು, ಕೋಶಗಳು ಇದ್ದಲ್ಲೇ ಗಟ್ಟಿಯಾಗಿ ನಿಲ್ಲಲಿ ಅಂತ ಫಾರ್ಮಾಲಿನ್‌ನಲ್ಲಿ 20 ನಿಮಿಷ ಇಡುತ್ತೇನೆ, ಸಾಲದಾ? ಪಿಪೆಟ್ಟನ್ನು ವೆಲ್‌ನ ಗೋಡೆಗೆ ತಾಗಿಸಿಯೇ ದ್ರವ ಬಿಡುತ್ತೇನೆ. ಮೈಕೋಪ್ಲಾಸ್ಮಾ (ಕೋಶಗಳಿಗೆ ಗೊತ್ತಾಗದಂತೆ ತಗಲುವ ಪುಟ್ಟ ಬ್ಯಾಕ್ಟೀರಿಯಾ) ಪರೀಕ್ಷೆ ಇನ್ನೂ ಮಾಡಿಸಿಲ್ಲ (ಗೊತ್ತು, ಬೈಯಬೇಡಿ). ಕೋಶ ಜಾಸ್ತಿ ದಟ್ಟವಾದರೂ ಹೀಗಾಗುತ್ತದಾ? ಮೊದಲು ಯಾವುದನ್ನು ಬದಲಿಸಲಿ?