ಗಾಳಿ ಹಾಕಿ ಕಾಳು ಹೊಟ್ಟು ಬೇರೆ ಮಾಡೋ ಯಂತ್ರಕ್ಕೆ ಒಂದು ಪದ ಬೇಕು, ಅರ್ಜೆಂಟು

ಎಲ್ಲರಿಗೂ ನಮಸ್ಕಾರ. ಕೊಯ್ಲಾದ ಮೇಲೆ ಬಳಸೋ ಯಂತ್ರಗಳ ಬಗ್ಗೆ ಒಂದು ಕೈಪಿಡಿ ಅನುವಾದ ಮಾಡ್ತಾ ಇದೀನಿ. ಅದರಲ್ಲಿ ಒಂದು ಚಿತ್ರ ಇದೆ, ಮರದ ಪೆಟ್ಟಿಗೆ, ಮೇಲೆ ಕಾಳು ಸುರಿಯೋಕೆ ಅಗಲ ಬಾಯಿ, ಒಳಗೆ ನಾಲ್ಕು ರೆಕ್ಕೆಯ ಫ್ಯಾನು, ಪಕ್ಕದಲ್ಲಿ ಕೈಯಲ್ಲಿ ತಿರುಗಿಸೋ ಹಿಡಿ, ಕೆಳಗೆ ಅಲ್ಲಾಡೋ ಎರಡು ಜರಡಿ. ಇಂಗ್ಲಿಷಲ್ಲಿ ವಿನ್ನೋವರ್ ಅಂತಿದೆ. ಚಿತ್ರದ ಕೆಳಗೆ ಹಾಕೋಕೆ ಒಂದು ಪದ ಬೇಕು, ಹೆಚ್ಚಂದ್ರೆ ಎರಡು, ಜಾಗ ಇರೋದೇ ಅಷ್ಟು. ನಿಘಂಟು ನೋಡಿದ್ರೆ "ಧಾನ್ಯದಿಂದ ಹೊಟ್ಟನ್ನು ಬೇರ್ಪಡಿಸುವ ಸಾಧನ" ಅಂತ ಸಿಕ್ತು, ಅದು ಪದ ಅಲ್ಲ ವಾಕ್ಯ. ಹಳೇ ಅನುವಾದ ಒಂದರಲ್ಲಿ "ಒಕ್ಕಣೆ ಯಂತ್ರ" ಅಂತ ಹಾಕಿದಾರೆ, ಅದು ತಪ್ಪು ಅಂತ ನನಗೂ ಗೊತ್ತು, ಯಾಕಂದ್ರೆ ತೆನೆಯಿಂದ ಕಾಳು ಬಿಡಿಸೋ ಥ್ರೆಶರ್ ಹಿಂದಿನ ಪುಟದಲ್ಲೇ ಇದೆ, ಒಕ್ಕಣೆ ಯಂತ್ರ ಅಂತ ಅದಕ್ಕೆ ನಾನೇ ಹಾಕಿ ಆಗಿದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಪ್ರಿಂಟಿಗೆ ಹೋಗುತ್ತೆ. ದಯವಿಟ್ಟು ಬೇಗ ಹೇಳಿ.

ಮರು: ಒಂದು ಪದ ಬೇಕು

ತೂರುವ ಯಂತ್ರ. ಇದರಲ್ಲಿ ಕೇಳೋದೇನಿದೆ.

ಮರು: ಒಂದು ಪದ ಬೇಕು

> ಇದರಲ್ಲಿ ಕೇಳೋದೇನಿದೆ

ಬೇಕಾದಷ್ಟಿದೆ ಸಾರ್. ಇವತ್ತಿನ ಓದುಗರಿಗೆ ತೂರೋದು ಅಂದ ತಕ್ಷಣ ನೆನಪಾಗೋದು ಪೇಪರಲ್ಲಿ ಬರೋ ಕಲ್ಲು ತೂರಾಟ, ಅದು ಬಿಟ್ರೆ ಸಂದೀಲಿ ತೂರ್ಕೊಂಡು ಹೋಗೋದು. ತೂರುವ ಯಂತ್ರ ಅಂತ ಬರೆದ್ರೆ ಪೊಲೀಸರ ಮೇಲೆ ಕಲ್ಲು ಎಸೆಯೋ ಮಶೀನು ಅಂದ್ಕೋತಾರೆ. ಕೇರುವ ಯಂತ್ರ ಅನ್ನಿ ಮೇಡಂ. ಕೇರು ಅನ್ನೋದಕ್ಕೆ ಕ್ರಿಯೆಯಾಗಿ ಬೇರೆ ಅರ್ಥ ಇಲ್ಲ, ಗೊಂದಲ ಇಲ್ಲ.

ಮರು: ಒಂದು ಪದ ಬೇಕು

ಹಂಗಲ್ರೀ ಸರ. ಕೇರೂದು ಬ್ಯಾರೆ, ತೂರೂದು ಬ್ಯಾರೆ. ಮೊರದಾಗ ಕಾಳ ಹಾಕ್ಕೊಂಡು ಮ್ಯಾಲೆ ಕೆಳಗ ಹಾರಸ್ತಾರಲ್ಲ ಅದು ಕೇರೂದು, ಅದಕ್ಕ ಹೊರಗಿನ ಗಾಳಿ ಬೇಕಂತಿಲ್ಲ, ಕುಂತಲ್ಲೇ ಆಗ್ತದ. ಎತ್ತರದಿಂದ ಗಾಳಿಗೆ ಸುರುವಿದ್ರ ಅದು ತೂರೂದು. ಪೆಟಗಿಯೊಳಗ ಫ್ಯಾನ್ ಐತಿ ಅಂದ ಮ್ಯಾಲ ಅದು ಮಾಡೂದು ತೂರೂ ಕೆಲಸ, ಮುಗೀತು.

ನಾ ಇಂಥಾ ಮಶೀನ ರಿಪೇರಿ ಮಾಡಾಂವ, ಅದಕ್ಕ ಹೇಳ್ತೀನಿ. ಕಾಳ ಬೀಳೂ ಮುಂದ ಅಡ್ಡ ಗಾಳಿ ಹೊಡೀಬೇಕು. ಗೋಧಿ ಕಾಳ ಗಾಳ್ಯಾಗ ತೇಲಿ ನಿಲ್ಲಬೇಕಂದ್ರ ಸೆಕೆಂಡಿಗೆ ಸುಮಾರು 7-8 ಮೀಟರ್ ವೇಗದ ಗಾಳಿ ಬೇಕು, ಹೊಟ್ಟಿಗೆ ಭಾಳ ಕಮ್ಮಿ ಸಾಕು. ಆ ಎರಡರ ನಡುವ ಗಾಳಿ ಇಟ್ಕೊಂಡ್ರ ಹೊಟ್ಟು ಹಾರತದ, ಕಾಳ ಬೀಳತದ. ಜೋರ ತಿರುಗಿಸಿದ್ರ ಸಣ್ಣ ಕಾಳೂ ಹೊಟ್ಟಿನ ಜೋಡಿ ಓಡಿ ಹೋಗ್ತದ, ಮೆಲ್ಲಕ ತಿರುಗಿಸಿದ್ರ ಜೊಳ್ಳು ಕಾಳಿನಾಗ ಉಳೀತದ, ಆಮ್ಯಾಲೆ ಮಶೀನ ಸರಿ ಇಲ್ಲ ಅಂತ ನನ್ನ ಕಡೆ ತರ್ತಾರ. ಜರಡಿ ಕೆಲಸ ಬ್ಯಾರೆ. ಮ್ಯಾಲಿನ ಜರಡಿ ಕಡ್ಡಿ ಹೆಂಟಿ ಹಿಡಕೊಂಡು ಕಾಳ ಬಿಡತದ, ಕೆಳಗಿನ ಜರಡಿ ಕಾಳ ಹಿಡಕೊಂಡು ಮಣ್ಣು ನುಚ್ಚು ಬಿಡತದ. ಅದರಾಗೂ ದುಂಡ ತೂತಿನ ಜರಡಿ ಕಾಳಿನ ಅಗಲ ನೋಡತದ, ಉದ್ದ ಸೀಳಿನ ಜರಡಿ ದಪ್ಪ ನೋಡತದ. ನಾವು ತೂರೂ ಮಶೀನು ಅಂತೀವಿ, ಅವಸರ ಇದ್ರ ಬರೇ ಫ್ಯಾನು ಅಂತೀವಿ. ಕಲ್ಲ ಒಗಿಯೂ ಮಶೀನು ಅಂತ ಇಲ್ಲೀತನಕ ಯಾರೂ ತಿಳಕೊಂಡಿಲ್ಲ.

ಮರು: ತೂರು ಅಲ್ಲ, ತೂಱು

ಮೂಲ ವಿಷಯ ಯಾರೂ ಮುಟ್ತಾ ಇಲ್ಲ ಅಂತ ಬರೀತಿದೀನಿ. ಹಳಗನ್ನಡದಲ್ಲಿ ಇದು ಶಕಟರೇಫ, ಅಂದ್ರೆ ಈಗ ಬಳಕೆ ತಪ್ಪಿರೋ ಱ ಅಕ್ಷರ, ಇರೋ ತೂಱು, ಕಿಟ್ಟೆಲ್ 1894ರ ನಿಘಂಟಲ್ಲಿ ಹಾಗೇ ಕೊಟ್ಟಿದಾರೆ. ತಮಿಳಲ್ಲಿ ತೂಱ್ಱು. ಮೊರ ಅಂತ ಬರೀತೀರಲ್ಲ ಅದೂ ಮೊಱ, ತಮಿಳಿನ ಮುಱಮ್. ಇನ್ನು ಕೇರು ತೆಲುಗಿನ ಚೆರುಗು, ನಮ್ಮ ಕಿವಿ ಅಲ್ಲಿ ಚೆವಿ, ನಮ್ಮ ಕೆರೆ ಅಲ್ಲಿ ಚೆರುವು ಆದ ಸಾಲಿಗೇ ಇದೂ ಸೇರುತ್ತೆ, ಅಂದ್ರೆ ಕ ಉಳಿಸ್ಕೊಂಡಿರೋರು ನಾವು. ಎರಡು ಕ್ರಿಯೆ, ಎರಡು ಬೇರು, ಎರಡು ಬೇರೆ ಕೆಲಸ, ಮೇಲಿನ ರಿಪೇರಿಯವರು ಹೇಳಿದ್ದು ಪೂರ್ತಿ ಸರಿ. ಕಲ್ಲು ತೂರಾಟದ ತೂರು ಕೂಡ ಇದೇ ಕಾಳಿನ ತೂರು, ಎಸೆಯೋ ಅರ್ಥ ಕಣದಿಂದ ಬೀದಿಗೆ ಬಂದದ್ದು ಅಂತ ನನ್ನ ಎಣಿಕೆ. ನಾವು ಱ ಬಿಟ್ಟಿದ್ದೇ ಈ ಎಲ್ಲಾ ಗೋಜಲಿಗೆ ಕಾರಣ. ಮೇಡಂ, ನಿಮ್ಮ ಫಾಂಟಲ್ಲಿ ಱ ಇದೆಯಾ? ಇದ್ರೆ ತೂಱುಯಂತ್ರ ಅಂತಲೇ ಹಾಕಿ, ಒಂದು ಕಡೆಯಾದ್ರೂ ಸರಿಯಾಗಿ ಅಚ್ಚಾಗ್ಲಿ.

ಮರು: ತೂರು ಅಲ್ಲ, ತೂಱು

ತೆಲುಗಲ್ಲಿ ತೂರ್ಪು ಅಂದ್ರೆ ಮೂಡಣ ದಿಕ್ಕು ಅಲ್ವಾ, ಮೂಡಣ ಗಾಳಿ ಬೀಸೋವಾಗ ಮಾಡೋ ಕೆಲಸ ಅಂತ ತೂರು ಬಂದಿರಬಹುದೇ? ಬಹಳ ದಿನದಿಂದ ತಲೇಲಿತ್ತು, ಕೇಳ್ದೆ ಅಷ್ಟೆ.

ಮರು: ತೂರು ಅಲ್ಲ, ತೂಱು

ಇಲ್ಲ. ಪಡುವಣ ಗಾಳಿ ಬಂದ್ರೆ ರಾಶಿ ಹಾಗೇ ಬಿಟ್ಟು ಮನೆಗೆ ಹೋಗ್ತಾರಾ? ಗಾಳಿ ಬಂದಾಗ ತೂರಿಕೋ ಅಂತ ಗಾದೆ ಇರೋದು, ಗಾಳಿಯ ದಿಕ್ಕು ಕೇಳಿ ತೂರಿಕೋ ಅಂತ ಅಲ್ಲ. ಪದ ಎರಡು ಒಂದೇ ಥರ ಕೇಳಿಸಿದ ಮಾತ್ರಕ್ಕೆ ನೆಂಟಸ್ತನ ಕಟ್ಟಬೇಡಿ.

ತೆಲುಗಿನ ಮಾತು ಎತ್ತಿದ್ದಕ್ಕೆ ಇನ್ನೊಂದು ಹೇಳ್ತೀನಿ. ಅಲ್ಲಿ ತೂರ್ಪಾರಬಟ್ಟು ಅಂದ್ರೆ ಕಾಳು ತೂರೋದೂ ಹೌದು, ಒಬ್ಬರನ್ನ ಹಿಡಿದು ಜಾಡಿಸೋದೂ ಹೌದು. ತಮಿಳಿನ ತೂಱ್ಱುಗೂ ಹೆಸರು ಕೆಡಿಸೋದು ಅನ್ನೋ ಅರ್ಥ ಇದೆ. ನಮ್ಮಲ್ಲಿ ಆ ಅರ್ಥ ಬೆಳೀಲಿಲ್ಲ, ಆದ್ರೆ ಈ ಗುಂಪಲ್ಲಿ ಕೆಲಸ ಮಾತ್ರ ದಿನಾ ನಡೀತಿದೆ.

ಮರು: ಯಂತ್ರ ಯಾಕೆ ಬೇಕು

ಎಲ್ಲರೂ ತೂರು ಸರಿಯಾ ಕೇರು ಸರಿಯಾ ಅಂತ ಜಗಳ ಆಡ್ತಿದೀರಿ, ಪಕ್ಕದಲ್ಲಿ ಕೂತಿರೋ "ಯಂತ್ರ"ವನ್ನ ಯಾರೂ ಕೇಳಲಿಲ್ಲ. ಅದು ಸಕ್ಕದದ ಒರೆ, ಅಂದ್ರೆ ಸಂಸ್ಕೃತದ ಪದ. ಕನ್ನಡದಲ್ಲಿ ಸಲಕರಣೆಗೆ ಹೆಸರಿಡೋ ಬಗೆ ಇಲ್ವಾ? ಬಾಚು, ಬಾಚಣಿಗೆ. ಬೀಸು, ಬೀಸಣಿಗೆ. ಅದೇ ಬಗೆಯಲ್ಲಿ ತೂರು, ತೂರಣಿಗೆ. ಒಂದೇ ಒರೆ, ನಾಲ್ಕೇ ಅಕ್ಶರ, ಚಿತ್ರದ ಕೆಳಗೆ ಚೆನ್ನಾಗಿ ಕೂರುತ್ತೆ. ಗಾಳಿ ಬೀಸೋದು ಬೀಸಣಿಗೆ ಆದ್ರೆ ಆ ಗಾಳಿಗೆ ಕಾಳು ತೂರೋದು ತೂರಣಿಗೆ, ಇದಕ್ಕಿಂತ ತಿಳಿಯಾದ ಹೆಸರು ಬೇರೆ ನುಡಿಯಲ್ಲಿ ಹುಡುಕಿದ್ರೂ ಸಿಗಲ್ಲ. ಒಕ್ಕಣೆ ಯಂತ್ರಕ್ಕೂ ಒಕ್ಕಣಿಗೆ ಅನ್ನಿ. ಯಂತ್ರ, ಸಾದನ, ಉಪಕರಣ ಅಂತ ಹೇರ್ಕೊಂಡು ಹೋದ್ರೆ ಕನ್ನಡದ ಬಾಲಕ್ಕೆಲ್ಲ ಸಕ್ಕದದ ಗಂಟೆ ಕಟ್ಟಿದ ಹಾಗೆ.

ಮರು: ಯಂತ್ರ ಯಾಕೆ ಬೇಕು

> ಬಾಚಣಿಗೆ. ಬೀಸಣಿಗೆ.

ಮೆರವಣಿಗೆ ಅಂದ್ರೆ ಮೆರೆಯೋ ಸಲಕರಣೆನಾ? ಬರವಣಿಗೆ ಅಂದ್ರೆ ಪೆನ್ನಾ? ಬೆಳವಣಿಗೆ? ಅಣಿಗೆ ಪ್ರತ್ಯಯ ಕೆಲಸವನ್ನೂ ಹೇಳುತ್ತೆ ಸಾಧನವನ್ನೂ ಹೇಳುತ್ತೆ, ಸಾಧನ ಹೇಳೋದು ಎಣಿಸಿದ್ರೆ ಒಂದು ಕೈ ಬೆರಳು ಸಾಕು. ತೂರಣಿಗೆ ಅಂತ ಓದಿದವನು ತೂರೋ ಕೆಲಸ ಅಂದ್ಕೋತಾನೆ, ಯಂತ್ರ ಅಂತ ಅಲ್ಲ. ಒಕ್ಕಣಿಗೆಯನ್ನಂತೂ ಅಚ್ಚಿನ ತಪ್ಪು ಅಂದ್ಕೊಂಡು ಪ್ರೂಫ್ ನೋಡೋರೇ ತಿದ್ದಿ ಬಿಡ್ತಾರೆ.

ಮತ್ತೆ ಯಂತ್ರ ಬೇಡ ಅನ್ನೋರು "ಗುಂಪು ಬಿಟ್ಟು ಹೋಗಿ" ಅಂತ ನನಗೆ ಖಾಸಗಿಯಾಗಿ ಮೇಲ್ ಹಾಕಿದ್ದು ಕೂಡ ಯಂತ್ರದಲ್ಲೇ.

ಮರು: ಮರು: ಯಂತ್ರ ಯಾಕೆ ಬೇಕು

ವಯ್ಯಕ್ತಿಕ ಮಾತು ಬೇಡ. ಕೈ ಬೆರಳಷ್ಟೇ ಇದ್ರೂ ಇದೆಯಲ್ಲ, ದಾರಿ ಇದೆ ಅಂತ ತಾನೇ ಅದರ ಹುರುಳು, ನಡೆದ್ರೆ ಅಗಲ ಆಗುತ್ತೆ. ಇನ್ನೊಂದು, ಮೇಲೆ ಒಬ್ಬರು ಕಣ ಅಂತ ಬರೆದಿದ್ರು, ಅದೂ ಸಕ್ಕದದ ಕಣವೇ, ಚೂರು ಅನ್ನೋ ಅರ್ತದ್ದು.

ಮರು: ಮರು: ಯಂತ್ರ ಯಾಕೆ ಬೇಕು

ಅಲ್ಲ ಸ್ವಾಮಿ. ಧೂಳಿನ ಕಣ ಬೇರೆ, ಒಕ್ಕೋ ಕಣ ಬೇರೆ. ಇದು ಕಳ, ತಮಿಳಿನ ಕಳಮ್, ಅಪ್ಪಟ ದ್ರಾವಿಡ. ಚುನಾವಣಾ ಕಣಕ್ಕೆ ಇಳಿಯೋರು ನಿಂತಿರೋದು ಈ ಕಣದಲ್ಲೇ. ಸ್ವಂತ ಮನೆಯೋರನ್ನೇ ಪರದೇಶಿ ಅಂತ ಆಚೆ ದಬ್ಬಿದ್ರಿ ನೋಡಿ, ಶುದ್ಧಿ ಮಾಡೋಕೆ ಹೊರಟೋರು ಯಾವಾಗ್ಲೂ ಎಡವೋದು ಇಲ್ಲೇ. ಮೊದಲು ತೂರಿ, ಆಮೇಲೆ ಯಾವುದು ಹೊಟ್ಟು ಅಂತ ಹೇಳಿ.

ಹಾಗೇ ಒಕ್ಕಲು ಅನ್ನೋದು ಒಕ್ಕು ಇಂದ ಬಂತು ಅಂತ ಯಾರಾದ್ರೂ ಶುರು ಮಾಡೋ ಮೊದಲೇ ಹೇಳ್ತೀನಿ, ತಮಿಳಲ್ಲಿ ಒಕ್ಕಲ್ ಅಂದ್ರೆ ನೆಂಟರು, ಬಳಗ. ಅದನ್ನ ಇಟ್ಕೊಂಡು ಯೋಚ್ನೆ ಮಾಡಿ. ಮನೆತನದ ಅರ್ಥ ಮೊದಲು, ಒಕ್ಕೋದರ ಜೊತೆ ಗಂಟು ಹಾಕಿದ್ದು ಆಮೇಲೆ.

ಮರು: ಮರು: ಯಂತ್ರ ಯಾಕೆ ಬೇಕು

ಶುರು ಮಾಡಿದ್ದು ನೀವೇ.

ಮರು: ಯಂತ್ರವೇ ಎರವಲು

ಎರವಲಿನ ಜಗಳ ಬಂತಲ್ಲ, ಹಾಗಾದ್ರೆ ಯಂತ್ರದ ಕಥೆಯನ್ನೂ ಕೇಳಿ. ಈ ಕೈ ತಿರುಗಿಸೋ ಪೆಟ್ಟಿಗೆ ಮೊದಲು ಕಾಣಿಸೋದು ಚೀನಾದಲ್ಲಿ, ಹಾನ್ ಅರಸರ ಕಾಲದ ಗೋರಿಗಳಲ್ಲಿ ಇದರ ಮಣ್ಣಿನ ಮಾದರಿ ಸಿಕ್ಕಿದೆ, ಅಂದ್ರೆ ಹತ್ತಿರ ಹತ್ತಿರ 2000 ವರ್ಷ ಹಳೇದು. 1637ರಲ್ಲಿ ಅಚ್ಚಾದ ಚೀನೀ ಕೈಕಸುಬಿನ ಪುಸ್ತಕದಲ್ಲಿ ಇದರ ಚಿತ್ರ ಇದೆ, ಮೇಡಂ ಹೇಳಿದ ಚಿತ್ರಕ್ಕೂ ಅದಕ್ಕೂ ಹೆಚ್ಚೇನೂ ವ್ಯತ್ಯಾಸ ಇರಲಾರದು. ಯೂರೋಪಿಗೆ ಇದು ಹೋಗಿದ್ದು 18ನೇ ಶತಮಾನದಲ್ಲಿ. ಸ್ಕಾಟ್ಲೆಂಡಲ್ಲಿ ಕೆಲವು ಮಡಿವಂತ ಕ್ರೈಸ್ತರು ಇದನ್ನ ಬೈದ್ರಂತೆ, ಗಾಳಿ ಕೊಡೋದು ದೇವರ ಕೆಲಸ, ಪೆಟ್ಟಿಗೇಲಿ ಹುಟ್ಟಿಸಿದ ಗಾಳಿ ಸೈತಾನನದು ಅಂತ.

ಈಗ ನೋಡಿ, ಯಂತ್ರ ಚೀನಾದ್ದು, ಇಂಗ್ಲಿಷಿನೋರು ಚೀನೀ ಹೆಸರು ತಗೊಂಡ್ರಾ? ಇಲ್ಲ. ವಿಂಡ್ ಅಂದ್ರೆ ಗಾಳಿ, ಅದರಿಂದ ಅವರ ಹಳೇ ಭಾಷೇಲಿ ಹುಟ್ಟಿದ ಕ್ರಿಯೆ ವಿನ್ನೋ, ಅದನ್ನ ಮಾಡೋದು ವಿನ್ನೋವರ್. ಮೊರ ಹಿಡಿದು ಮಾಡ್ತಿದ್ದ ಕೆಲಸದ ಹೆಸರನ್ನೇ ಪೆಟ್ಟಿಗೆಗೂ ಇಟ್ರು. ನಾವೂ ಹಾಗೇ ಮಾಡಿದ್ರೆ ಆಯ್ತು, ಕ್ರಿಯೆ ನಮ್ಮದು ಇರ್ಲಿ, ಹಿಂದೆ ಯಂತ್ರ ಬರ್ಲಿ ಮಶೀನ್ ಬರ್ಲಿ. ತೂರು ಒಂದು ಬಿಟ್ಟು ವಿನ್ನೋವರ್ ಅಂತ ಕನ್ನಡ ಲಿಪೀಲಿ ಬರೆದ್ರೆ ಮಾತ್ರ ನನಗೆ ತಕರಾರು.

ಮರು: ಒಂದು ಪದ ಬೇಕು

ಪ್ರಶ್ನೆ ಕೇಳಿದೋಳು ನಾನೇ, ಇನ್ನೂ ಇಲ್ಲೇ ಇದೀನಿ. ತೂರುವ ಯಂತ್ರ ಅಂತ ಮನಸ್ಸು ಮಾಡಿದ್ದೆ, ಅಷ್ಟರಲ್ಲಿ ಮುಂದಿನ ಪುಟ ತಿರುಗಿಸಿದ್ರೆ ಇನ್ನೊಂದು ಚಿತ್ರ. ಅದರಲ್ಲಿ ಫ್ಯಾನು ಗಾಳಿ ಊದಲ್ಲ, ಎಳೆಯುತ್ತೆ, ಹೊಟ್ಟು ಮೇಲೆ ಕೊಳವೆ ಒಳಗೆ ಹೋಗುತ್ತೆ, ಕಾಳು ಕೆಳಗೆ. ಜರಡಿ ಮೂರಿದೆ, ಮೋಟರ್ ಇದೆ, ಕೊನೇಲಿ ಕಾಳನ್ನ ದಪ್ಪ ಸಣ್ಣ ಅಂತ ವಿಂಗಡಿಸುತ್ತೆ. ಇದಕ್ಕೂ ತೂರು ಅನ್ಬಹುದಾ? ಗಾಳಿ ಎಳೆದ್ರೂ ತೂರಿದ ಹಾಗೇನಾ?

ಮರು: ಒಂದು ಪದ ಬೇಕು

ಗಾಳಿ ತಳ್ಳಿದ್ರೇನು ಎಳದ್ರೇನು ಅಕ್ಕಾರ, ಹಗುರಾದ್ದು ಗಾಳಿ ಜೋಡಿ ಹೋತು, ಒಜ್ಜಿ ಆದದ್ದು ಬಿತ್ತು, ಅದು ತೂರೂದ. ಆದ್ರ ನೀವು ಹೇಳೂ ಮಶೀನದಾಗ ತೂರೂದು ಅರ್ಧಾ ಕೆಲಸ, ಉಳಿದಿದ್ದು ಜರಡಿ ಕೆಲಸ. ಅದಕ್ಕ ನಾವು ಕಾಳ ಹಸನ ಮಾಡೂ ಮಶೀನು ಅಂತೀವಿ, ಅಂಗಡ್ಯಾಗ ಗ್ರೇಡರ್ ಅಂತಾರ. ಎರಡಕ್ಕೂ ಒಂದ ಹೆಸರ ಹಾಕಬ್ಯಾಡ್ರಿ, ಓದಿದಾಂವ ಒಂದ ತರಾಕ ಹೋಗಿ ಇನ್ನೊಂದ ತರ್ತಾನ.

ಮರು: ಒಂದು ಪದ ಬೇಕು

ಹಸನು ಅರಬ್ಬಿ ಪದ. ಹಸನ್ ಅಂದ್ರೆ ಚೆನ್ನಾಗಿರೋದು. ಯಂತ್ರ ಬೇಡ ಅಂದೋರು ಇದನ್ನ ಒಪ್ತಾರಾ?

ಮರು: ಹಸನು

ಅರಬ್ಬಿ ಅನ್ನೋದಕ್ಕೆ ಆಧಾರ? ಪ್ರಸನ್ನ ಯಾಕಾಗಬಾರದು, ಪ ಹೋಗಿ ಹ ಆಗೋದು ಕನ್ನಡಕ್ಕೆ ಹೊಸದಾ, ಪೊಟ್ಟು ಹೊಟ್ಟಾಗಿಲ್ವಾ?

ಮರು: ಹಸನು

ಇಬ್ಬರೂ ಆಧಾರ ಕೊಡಿ. ಕೊಡೋವರೆಗೆ ಸುಮ್ನಿರಿ. ಅರಬ್ಬಿ ಆಗ್ಲಿ ಸಂಸ್ಕೃತ ಆಗ್ಲಿ, ಕಾಳು ಹಸನು ಮಾಡಿ ಅಂದ್ರೆ ಏನು ಮಾಡಬೇಕು ಅಂತ ಮನೇಲಿ ಎಲ್ಲರಿಗೂ ಗೊತ್ತು, ನಿಘಂಟು ಕೇಳಲ್ಲ.

ಮರು: ಒಂದು ಪದ ಬೇಕು

ಎಲ್ಲರಿಗೂ ಥ್ಯಾಂಕ್ಸ್. ಮೊದಲನೇದಕ್ಕೆ "ತೂರುವ ಯಂತ್ರ", ಎರಡನೇದಕ್ಕೆ "ಕಾಳು ಹಸನು ಯಂತ್ರ" ಅಂತ ಹಾಕಿ ಈಗಷ್ಟೇ ಕಳಿಸಿದೆ. ಎರಡನೇದರಲ್ಲಿ "ಮಾಡುವ" ಬಿಟ್ಟೆ, ಜಾಗ ಸಾಲಲಿಲ್ಲ, ವ್ಯಾಕರಣ ನೋಡೋರು ಕ್ಷಮಿಸಬೇಕು. ತೂರಣಿಗೆ ನನಗೆ ಇಷ್ಟ ಆಯ್ತು, ನಿಜ ಹೇಳ್ತೀನಿ, ಆದ್ರೆ ಕೈಪಿಡಿ ಓದೋರು ಹಿಡಿ ಯಾವ ಕಡೆ ತಿರುಗಿಸಬೇಕು ಅಂತ ನೋಡೋಕೆ ಪುಟ ತೆಗೀತಾರೆ, ಹೊಸ ಪದ ಕಲಿಯೋಕೆ ಅಲ್ಲ.

ಮರು: ಒಂದು ಪದ ಬೇಕು

ಕಾಳು ಹಸನು ಯಂತ್ರ ಕನ್ನಡವೇ ಅಲ್ಲ. ಮೊದಲನೇದು ಸರಿ. ಅದನ್ನ ನಿನ್ನೆ ಮಧ್ಯಾಹ್ನವೇ ಹೇಳಿದ್ದೆ.

ಮರು: ತೂರು ಅಲ್ಲ, ತೂಱು

ಫಾಂಟಲ್ಲಿ ಱ ಇದೆಯಾ ಅಂತ ಕೇಳಿದ್ದೆ. ಉತ್ತರ ಬರಲಿಲ್ಲ.